ಪ್ಲೇನ್ ಸ್ಲೈಸ್, ನೋ ಪೌಡರ್

ನ್ಯೂಯಾರ್ಕಿನಲ್ಲಿ ನಾವು ತಿಂದ ಮೊದಲ ಪಿಜ್ಜಾ ಕೆಟ್ಟದಾಗಿತ್ತು. ಪರವಾಗಿಲ್ಲ ಅನ್ನುವ ಹಾಗೂ ಇರಲಿಲ್ಲ. ಟೈಮ್ಸ್ ಸ್ಕ್ವೇರ್‌ನ ದೀಪ ನೋಡಿ ನೋಡಿ ಕತ್ತು ನೋಯುತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಮೊದಲು ಕಣ್ಣಿಗೆ ಬಿದ್ದ ಅಂಗಡಿಗೆ ನುಗ್ಗಿದೆವು. ನಾನು, ಅಮ್ಮ, ತಂಗಿ, ತಂಗಿಯ ಮಗಳು ಪುಟ್ಟಿ. ಗಾಜಿನ ಹಿಂದೆ ಹದಿನೈದು ಬಗೆಯ ಪಿಜ್ಜಾ ಸಾಲಾಗಿ ಕೂತಿದ್ದವು. ಒಂದರ ಮೇಲೆ ಪಾಸ್ತಾ ಸುರಿದಿದ್ದರು. ಹಿಟ್ಟಿನ ಮೇಲೆ ಹಿಟ್ಟು! ನಮಗೆ ಕೊಟ್ಟ ತುಂಡು ಯಾವಾಗ ಬೆಂದದ್ದೋ ದೇವರಿಗೇ ಗೊತ್ತು. ಮೇಲೆ ನಾಲಿಗೆ ಸುಡುವ ಬಿಸಿ, ಅಡಿ ಮಾತ್ರ ನಿನ್ನೆಯ ಚಪಾತಿ.

ಅಮ್ಮ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. "ಇದಕ್ಕೋಸ್ಕರ ಇಪ್ಪತ್ತು ಗಂಟೆ ಕಾಲು ಊದಿಸ್ಕೊಂಡು ಬಂದ್ನಾ ನಾನು?"

ತಪ್ಪು ನನ್ನದೇ. ಬೆಂಗಳೂರು ಬಿಡುವ ಮೊದಲೇ ಫೋನಿನಲ್ಲಿ ಪಟ್ಟಿ ಮಾಡಿಕೊಂಡಿದ್ದೆ. ಸಿಕ್ಕ ಸಿಕ್ಕ ಕಡೆ ಓದಿ, ಎಲ್ಲರೂ ಹೊಗಳಿದ್ದನ್ನೆಲ್ಲ ಸೇರಿಸಿ, ಒಟ್ಟು ಇಪ್ಪತ್ಮೂರು ಅಂಗಡಿ. ಮ್ಯಾಪಿನಲ್ಲಿ ಇಪ್ಪತ್ಮೂರು ಗುರುತು ಚುಚ್ಚಿದ್ದೆ. ಆದರೆ ಹಸಿವು ಮ್ಯಾಪ್ ನೋಡಿಕೊಂಡು ಬರುವುದಿಲ್ಲವಲ್ಲ. ಅದು ಬಂದಾಗ ಪಟ್ಟಿಯ ಅಂಗಡಿ ಒಂದೂ ಹತ್ತಿರ ಇರಲಿಲ್ಲ.

ಆ ರಾತ್ರಿ ನದಿಯಾಚೆ ಜರ್ಸಿ ಸಿಟಿಯ ತಂಗಿಯ ಮನೆಗೆ ರೈಲಿನಲ್ಲಿ ವಾಪಸ್ ಬರುವಾಗ ಅವಳು ಒಂದು ಮಾತು ಕೇಳಿದಳು. "ಅಕ್ಕ, ಬೆಂಗಳೂರಲ್ಲಿ ನೀನು ಪಟ್ಟಿ ನೋಡಿ ದೋಸೆ ತಿಂತೀಯಾ?"

ತಿನ್ನುವುದಿಲ್ಲ. ಊರಿಗೆ ಬಂದವರು ಕೇಳಿದರೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ, ಮಲ್ಲೇಶ್ವರದ ಸಿಟಿಆರ್ ಅಂತ ಗಿಣಿಪಾಠ ಒಪ್ಪಿಸುತ್ತೇನೆ. ಅವೆರಡೂ ಚೆನ್ನಾಗಿವೆ, ಸುಳ್ಳೇನಲ್ಲ. ಆದರೆ ನಾನು ಅಲ್ಲಿಗೆ ಹೋಗುವುದು ವರ್ಷಕ್ಕೆ ಎರಡು ಸಲ. ಅದೂ ಯಾರನ್ನಾದರೂ ಕರೆದುಕೊಂಡು. ವಾರಕ್ಕೆ ಮೂರು ಸಲ ನಾನು ತಿನ್ನುವುದು ನಮ್ಮ ಬೀದಿಯ ಕೊನೆಯ ದರ್ಶಿನಿಯಲ್ಲಿ, ನಿಂತುಕೊಂಡು. ಅದರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಅಲ್ಲಿ ಎಷ್ಟು ಹೊತ್ತಿಗೆ ಹೋದರೆ ಹಂಚು ಸರಿಯಾಗಿ ಕಾದಿರುತ್ತದೆ ಅಂತ ನನಗೆ ಗೊತ್ತು. ಹನ್ನೊಂದೂವರೆಗೆ ಹೋದರೆ ಚಟ್ನಿ ನೀರಾಗಿರುತ್ತದೆ ಅಂತಲೂ ಗೊತ್ತು.

ಹಾಗಾದರೆ ನ್ಯೂಯಾರ್ಕಿನವರೂ ಹೀಗೇ ಇರಬೇಕಲ್ಲ? ಪಟ್ಟಿ ಪಕ್ಕಕ್ಕಿಟ್ಟೆ. ಹರಿದು ಹಾಕಲಿಲ್ಲ, ಪಕ್ಕಕ್ಕಿಟ್ಟೆ.

ಮೊದಲು ಅರ್ಥವಾಗಿದ್ದು ಇದು: ಆ ಊರಿನಲ್ಲಿ ಪಿಜ್ಜಾ ಅಂಗಡಿ ಅಂದರೆ ಒಂದು ಜಾತಿಯಲ್ಲ, ಎರಡು. ಇಡೀ ಪಿಜ್ಜಾ ಮಾತ್ರ ಕೊಡುವ ಕಡೆ ಒಂದು, ತುಂಡು ಮಾರುವ ಕಡೆ ಇನ್ನೊಂದು. ಇಡೀದನ್ನು ಅವರು ಪೈ ಅನ್ನುತ್ತಾರೆ, ತುಂಡನ್ನು ಸ್ಲೈಸ್. ಈ ಭೇದ ತಿಳಿಯದೆ ಪಟ್ಟಿ ಮಾಡುವುದು ಎಂಟಿಆರ್ ಊಟವನ್ನೂ ಬೀದಿಬದಿಯ ಎರಡು ಇಡ್ಲಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಅಂಕ ಕೊಟ್ಟ ಹಾಗೆ. ನನ್ನ ಇಪ್ಪತ್ಮೂರರಲ್ಲಿ ಎರಡೂ ಕಲಸುಮೇಲೋಗರವಾಗಿದ್ದವು.

ಭೇದ ಬಂದದ್ದು ಒಲೆಯಿಂದ. ಇಟಲಿಯಿಂದ ಬಂದವರು ಶುರುಮಾಡಿದ ಹಳೆಯ ಅಂಗಡಿಗಳದ್ದು ಕಲ್ಲಿದ್ದಲ ಒಲೆ. ಸ್ಪ್ರಿಂಗ್ ಸ್ಟ್ರೀಟಿನ ಲೊಂಬಾರ್ಡೀಸ್ ತನ್ನ ಹುಟ್ಟನ್ನು 1905 ಅಂತ ಹೇಳಿಕೊಳ್ಳುತ್ತದೆ. ನಡುವೆ 1984ರಲ್ಲಿ ಬಾಗಿಲು ಮುಚ್ಚಿ, 1994ರಲ್ಲಿ ಅದೇ ಬೀದಿಯಲ್ಲಿ ಬೇರೆ ಕಟ್ಟಡದಲ್ಲಿ ಮತ್ತೆ ತೆರೆಯಿತು. ಅಲ್ಲಿ ಕೆಲಸ ಕಲಿತ ಆಂಥೊನಿ ಪೆರೊ 1924ರಲ್ಲಿ ಕೋನಿ ಐಲ್ಯಾಂಡಿನಲ್ಲಿ ಟೊಟೊನೋಸ್ ತೆರೆದ. ಬ್ಲೀಕರ್ ಸ್ಟ್ರೀಟಿನ ಜಾನ್ಸ್ 1929ರದು. ಈಸ್ಟ್ ಹಾರ್ಲೆಮ್ಮಿನ ಪ್ಯಾಟ್ಸೀಸ್ 1933ರದು. ಈ ಒಲೆಗಳಿಗೆ ಹಾಕುವುದು ಆಂಥ್ರಸೈಟ್ ಅನ್ನುವ ಗಟ್ಟಿ ಕಲ್ಲಿದ್ದಲು. ಹೊಗೆ ಕಡಿಮೆ, ಶಾಖ ಭಯಂಕರ. ನಾನೂರು ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುವ ಇಟ್ಟಿಗೆಯ ಗೂಡು. ಕೆಲವೇ ನಿಮಿಷದಲ್ಲಿ ಪಿಜ್ಜಾ ತಯಾರು. ಅಂಚು ಅಲ್ಲಲ್ಲಿ ಕಪ್ಪಾಗಿ ಸೀಯುತ್ತದೆ. ಅದು ಸೀದದ್ದಲ್ಲ, ಅದೇ ರುಚಿ ಅಂತ ಅವರ ವಾದ. ನಮ್ಮ ಕೆಂಡದ ರೊಟ್ಟಿ ತಿಂದವರಿಗೆ ಈ ವಾದ ಹೊಸದೇನಲ್ಲ.

ಇಂಥ ಪಿಜ್ಜಾ ಒಲೆಯಿಂದ ಬಂದ ಹತ್ತು ನಿಮಿಷದಲ್ಲಿ ಹೊಟ್ಟೆ ಸೇರಬೇಕು. ಆರಿದ ಮೇಲೆ ಮತ್ತೆ ಬಿಸಿ ಮಾಡಿದರೆ ಮೊದಲಿನ ಹಾಗೆ ಆಗುವುದಿಲ್ಲ. ಅದಕ್ಕೇ ಜಾನ್ಸ್ ಅಂಗಡಿಯ ಹೊರಗಡೆ ‘ನೋ ಸ್ಲೈಸಸ್’ ಅಂತ ಬೋರ್ಡೇ ಹಾಕಿದ್ದಾರೆ. ಬರೀ ಒಬ್ಬರೇ ಹೋದರೂ ಇಡೀ ಪೈ ತಗೊಳ್ಳಬೇಕು. ಹಾರ್ಲೆಮ್ಮಿನ ಪ್ಯಾಟ್ಸೀಸ್ ಒಂದು ಅಪವಾದ. ಅಲ್ಲಿ ಕಲ್ಲಿದ್ದಲ ಒಲೆಯ ಪಿಜ್ಜಾ ತುಂಡಿನಲ್ಲೂ ಸಿಗುತ್ತದೆ. ಒಂಟಿಯಾಗಿ ತಿರುಗುವವರಿಗೆ ಇದು ಗೊತ್ತಿದ್ದರೆ ಒಳ್ಳೆಯದು. (2024ರಿಂದ ಕಲ್ಲಿದ್ದಲು, ಸೌದೆ ಒಲೆಗಳ ಹೊಗೆಯ ಕಣಗಳನ್ನು ಮುಕ್ಕಾಲು ಪಾಲು ತಗ್ಗಿಸಬೇಕು ಅನ್ನುವ ನಿಯಮ ಜಾರಿಗೆ ಬಂದಿದೆ. ಪಿಜ್ಜಾಪ್ರಿಯರು ಅದರ ಮೇಲೆ ಮಾಡಿದ ಗಲಾಟೆ ನೋಡಿದರೆ ಯಾರೋ ಗುಡಿ ಒಡೆಯಲು ಹೊರಟಿದ್ದಾರೆ ಅನ್ನಬೇಕು.)

ಸ್ಲೈಸ್ ಅಂಗಡಿಯ ಕಥೆ ಬೇರೆ. ಎರಡನೇ ಮಹಾಯುದ್ಧದ ನಂತರ ಗ್ಯಾಸಿನ ಒಲೆಗಳು ಊರೆಲ್ಲ ಹರಡಿದವು. ಬೀರುವಿನ ಡ್ರಾಯರಿನ ಹಾಗೆ ಅಗಲವಾದ ಬಾಗಿಲು, ಒಳಗೆ ಸಪಾಟಾದ ಕಲ್ಲು. ಶಾಖ ಇನ್ನೂರ ಅರವತ್ತು, ಎಂಬತ್ತು ಡಿಗ್ರಿ ಅಷ್ಟೇ. ಪಿಜ್ಜಾ ನಿಧಾನವಾಗಿ ಬೇಯುತ್ತದೆ, ನೀರಿನಂಶ ಹೋಗಿ ಅಡಿ ಗಟ್ಟಿಯಾಗುತ್ತದೆ. ಹದಿನೆಂಟು ಇಂಚಿನ ದೊಡ್ಡ ಪಿಜ್ಜಾ, ಎಂಟು ತುಂಡು. ಬೇಯಿಸಿ ಇಟ್ಟು, ಗಿರಾಕಿ ಬಂದಾಗ ಒಂದು ತುಂಡು ಮತ್ತೆ ಒಲೆಗೆ ತಳ್ಳಿ, ಎರಡು ನಿಮಿಷದಲ್ಲಿ ತೆಗೆದು ಕಾಗದದ ತಟ್ಟೆಗೆ ಹಾಕಿ ಕೊಡುವುದು. ಕೆಲವು ಕಡೆ ಕುರ್ಚಿಯೇ ಇಲ್ಲ. ಗೋಡೆಗೆ ಅಂಟಿದ ಕಟ್ಟೆ, ನಿಂತು ತಿನ್ನು, ನಡೆ.

ಇದನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಕಾರ್ಮಿನ್ ಸ್ಟ್ರೀಟಿನ ಜೋಸ್ ಪಿಜ್ಜಾದಲ್ಲಿ. 1975ರಿಂದ ಇರುವ ಅಂಗಡಿ. ಜರ್ನಲ್ ಸ್ಕ್ವೇರಿನಲ್ಲಿ ರೈಲು ಹತ್ತಿ, ಹಡ್ಸನ್ ನದಿಯ ಅಡಿಯಲ್ಲಿ ಹಾದು, ನೈನ್ತ್ ಸ್ಟ್ರೀಟಿನಲ್ಲಿ ಇಳಿದು ನಡೆದುಕೊಂಡು ಹೋದೆವು. ಒಳಗೆ ಕಾಲಿಟ್ಟ ತಕ್ಷಣ ನನಗೆ ಜಯನಗರ ನೆನಪಾಯಿತು. ಕೈಯಲ್ಲಿ ದುಡ್ಡು ಹಿಡಿದು ಸರಸರ ಸರಿಯುವ ಸಾಲು, ತಲೆ ಎತ್ತದೆ ‘ನೆಕ್ಸ್ಟ್’ ಅನ್ನುವ ಹುಡುಗ, ಎತ್ತರದ ಮೇಜು, ಮೊಣಕೈ ತಾಗಿದರೂ ಬೇಸರಿಸಿಕೊಳ್ಳದ ಪಕ್ಕದವರು. "ಇದು ದರ್ಶಿನಿ ಕಣೇ" ಅಂದಳು ಅಮ್ಮ. ನಾನು ಹೇಳಬೇಕಿದ್ದ ಮಾತು.

1980ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿ ಶುರುವಾದಾಗಲೂ ಲೆಕ್ಕಾಚಾರ ಇದೇ ತಾನೇ? ಚಿಕ್ಕ ಜಾಗ, ಕಮ್ಮಿ ಬೆಲೆ, ಬೇಗ ಬಂದು ಬೇಗ ಹೋಗುವ ಜನ. ಇಂಥ ಕಡೆ ರುಚಿ ನಿಂತಿರುವುದು ಗುಟ್ಟಿನ ಮಸಾಲೆಯ ಮೇಲಲ್ಲ, ವ್ಯಾಪಾರದ ಓಟದ ಮೇಲೆ. ಇಡ್ಲಿ ಪಾತ್ರೆಯ ಮುಚ್ಚಳ ಎಷ್ಟು ಸಲ ತೆರೆಯುತ್ತದೆ ಅನ್ನುವುದೇ ಇಡ್ಲಿಯ ಹಣೆಬರಹ. ಅಲ್ಲೂ ಹಾಗೇ. ಪಿಜ್ಜಾ ಗಾಜಿನ ಹಿಂದೆ ಐದು ನಿಮಿಷ ಕೂತರೆ ಒಂದು ರುಚಿ, ಐವತ್ತು ನಿಮಿಷ ಕೂತರೆ ಇನ್ನೊಂದು.

ಹೀಗೆ ನಮ್ಮ ಮೂರು ವಾರದ ಪಾಠ ಶುರುವಾಯಿತು. ಗಾಜಿನ ಹಿಂದೆ ಬಗೆ ಜಾಸ್ತಿ ಇದ್ದಷ್ಟೂ ಅನುಮಾನ ಪಡಬೇಕು. ಹದಿನೈದು ಬಗೆ ಇಟ್ಟವನ ಬಳಿ ಹದಿನೈದೂ ಬಿಸಿಯಾಗಿರಲು ಸಾಧ್ಯವಿಲ್ಲ. ಪ್ಲೇನ್ ಸ್ಲೈಸ್ ತಗೊಳ್ಳಬೇಕು. ಬರೀ ಹಿಟ್ಟು, ಟೊಮೇಟೊ, ಚೀಸ್. ಮುಚ್ಚಿಡಲು ಏನೂ ಇರುವುದಿಲ್ಲ. ಹೋಟೆಲಿನ ಯೋಗ್ಯತೆ ಅದರ ಖಾಲಿ ದೋಸೆಯಲ್ಲಿ ತಿಳಿಯುತ್ತದಲ್ಲ, ಹಾಗೆ. ಜೊತೆಗೆ ಅದೇ ಎಲ್ಲರೂ ಕೇಳುವ ಬಗೆ, ಬೇಗ ಖಾಲಿಯಾಗುತ್ತದೆ, ಹೊಸದು ಬರುತ್ತಲೇ ಇರುತ್ತದೆ. ಆಮೇಲೆ ಹೊತ್ತು. ಮಧ್ಯಾಹ್ನ ಹನ್ನೆರಡೂವರೆ, ಸಂಜೆ ಆರೂವರೆ ಸರಿ. ಎಲ್ಲಕ್ಕಿಂತ ಒಳ್ಳೆಯ ಹೊತ್ತು ಪುಟ್ಟಿ ಹೇಳಿದ್ದು: ಮೂರು ಗಂಟೆ, ಶಾಲೆ ಬಿಟ್ಟಾಗ. ಮಕ್ಕಳು ಬ್ಯಾಗ್ ಹೊತ್ತುಕೊಂಡು ಇಪ್ಪತ್ತು ಜನ ಒಟ್ಟಿಗೆ ನುಗ್ಗುತ್ತಾರೆ, ಅಂಗಡಿಯವನು ಪಿಜ್ಜಾ ಮೇಲೆ ಪಿಜ್ಜಾ ತೆಗೆಯುತ್ತಾನೆ. "ದೊಡ್ಡಮ್ಮ, ಮಕ್ಕಳ ಹತ್ತಿರ ದುಡ್ಡು ಕಮ್ಮಿ ಇರುತ್ತೆ. ಕೆಟ್ಟ ಪಿಜ್ಜಾಗೆ ಅವರು ಹಾಕಲ್ಲ" ಅಂದಳು. ಯಾವ ವಿಮರ್ಶಕನೂ ಇಷ್ಟು ಚುಟುಕಾಗಿ ಹೇಳಿದ್ದು ನಾನು ಓದಿಲ್ಲ.

ಕೊನೆಯದಾಗಿ ಅಡಿ. ತುಂಡು ಕೈಗೆ ಬಂದ ಮೇಲೆ ಬಗ್ಗಿಸಿ ಕೆಳಗೆ ನೋಡಬೇಕು. ಬಿಳಿಚಿಕೊಂಡಿದ್ದರೆ ಕತೆ ಮುಗಿಯಿತು. ದೋಸೆಯ ಹಾಗೆ ಹೊಂಬಣ್ಣ, ನಡುನಡುವೆ ಕಂದು ಚುಕ್ಕೆ ಇದ್ದರೆ ಸರಿ. ಅಮ್ಮನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅರವತ್ತು ವರ್ಷದಿಂದ ದೋಸೆ ಮಗುಚುತ್ತಿರುವ ಕೈ ಅದು. ಮೊದಲ ದಿನದಿಂದಲೇ ತಿನ್ನುವ ಮುಂಚೆ ತಿರುಗಿಸಿ ನೋಡುತ್ತಿದ್ದಳು.

ತಿನ್ನುವ ರೀತಿಯದ್ದು ಇನ್ನೊಂದು ರಾಮಾಯಣ. ಅಲ್ಲಿನವರು ತುಂಡನ್ನು ಉದ್ದಕ್ಕೆ ಮಡಚಿ, ತುದಿಯಿಂದ ಕಚ್ಚುತ್ತಾರೆ. ಎಣ್ಣೆ ಮಡಿಕೆಯಲ್ಲಿ ಹರಿದು ತಟ್ಟೆಗೆ ಬೀಳುತ್ತದೆ. ಫೋರ್ಕ್ ಹಿಡಿದರೆ ನಗುತ್ತಾರೆ. 2014ರ ಜನವರಿಯಲ್ಲಿ ಹೊಸದಾಗಿ ಮೇಯರ್ ಆಗಿದ್ದ ಬಿಲ್ ಡಿ ಬ್ಲಾಸಿಯೊ ಫೋರ್ಕಿನಿಂದ ಪಿಜ್ಜಾ ತಿಂದದ್ದು ದೊಡ್ಡ ಸುದ್ದಿಯೇ ಆಗಿತ್ತು. ಅಮ್ಮ ಎರಡೂ ಮಾಡಲಿಲ್ಲ. ತಟ್ಟೆಯಲ್ಲಿಟ್ಟುಕೊಂಡು ಬಲಗೈಯಲ್ಲಿ ಅಕ್ಕಿರೊಟ್ಟಿ ಮುರಿಯುವ ಹಾಗೆ ಮುರಿದು ತಿಂದಳು. ಯಾರೂ ನಗಲಿಲ್ಲ. ಅಷ್ಟು ನೆಮ್ಮದಿಯಿಂದ ತಿನ್ನುವವರನ್ನು ನೋಡಿ ನಗುವುದು ಕಷ್ಟ.

ಈಗ ತೊಡಕಿನ ವಿಷಯ. ಅಮ್ಮ ಅಪ್ಪಟ ಸಸ್ಯಾಹಾರಿ. ನಾನೂ ಹೌದು, ಆದರೆ ಅವಳಷ್ಟು ಕಟ್ಟುನಿಟ್ಟಿಲ್ಲ. ನಮ್ಮಲ್ಲಿ ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿದರೆ ಮುಗಿಯಿತು. ಅಲ್ಲಿ ಆ ಚುಕ್ಕೆ ಇಲ್ಲ. ಮಾಂಸ ಇಲ್ಲದ ಪಿಜ್ಜಾ ಸಿಗುವುದೇನೂ ಕಷ್ಟವಲ್ಲ, ಕಷ್ಟ ಇರುವುದು ಚೀಸಿನಲ್ಲಿ. ಹಾಲು ಒಡೆಸಲು ಬಳಸುವ ರೆನೆಟ್ ಕೆಲವು ಚೀಸಿಗೆ ಕರುವಿನ ಹೊಟ್ಟೆಯಿಂದ ಬರುತ್ತದೆ. ಪಾರ್ಮಿಜಾನೊ ರೆಜ್ಜಾನೊಗೆ ಕರುವಿನದು, ಪೆಕೊರಿನೊ ರೊಮಾನೊಗೆ ಕುರಿಮರಿಯದು. ಅವುಗಳ ನಿಯಮವೇ ಹಾಗಿದೆ. ಈ ಗಟ್ಟಿ ಚೀಸುಗಳನ್ನೇ ತುರಿದು ಪಿಜ್ಜಾ ಮೇಲೆ ಉದುರಿಸುವುದು. ಕೆಲವರು ಬೇಯಿಸುವ ಮೊದಲು, ಕೆಲವರು ನಂತರ. ಮೇಜಿನ ಮೇಲೆ ಡಬ್ಬಿಯಲ್ಲೂ ಇಟ್ಟಿರುತ್ತಾರೆ. ಕೆಳಗೆ ಕರಗುವ ಮೊಝರೆಲ್ಲಾಗೆ ಬೇರೆ ಬಗೆಯ ರೆನೆಟ್ ಬಳಸುವುದು ಅಮೆರಿಕದಲ್ಲಿ ಸಾಮಾನ್ಯ, ಆದರೆ ಎಲ್ಲರೂ ಹಾಗೆ ಮಾಡುತ್ತಾರೆ ಅಂತಿಲ್ಲ. ಕೇಳಬೇಕು.

ಇದನ್ನು ಅಮ್ಮನಿಗೆ ಹೇಳಬೇಕೋ ಬೇಡವೋ ಅಂತ ನಾನೂ ತಂಗಿಯೂ ಅಡುಗೆಮನೆಯಲ್ಲಿ ಪಿಸುಗುಟ್ಟಿದೆವು. ಹೇಳಿದೆವು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಗೊತ್ತಿಲ್ದೆ ತಿಂದದ್ದಕ್ಕೆ ದೋಷ ಇಲ್ಲ. ಗೊತ್ತಾದ್ಮೇಲೆ ಬೇಡ. ಆ ಮೇಲಿನ ಪುಡಿ ಒಂದು ಬೇಡ ಅನ್ನಿ." ಅಂದಿನಿಂದ ಆ ತುರಿದ ಚೀಸಿಗೆ ನಮ್ಮ ಮನೆಯಲ್ಲಿ ಪುಡಿ ಅಂತಲೇ ಹೆಸರು. ಮಾರನೆಯ ದಿನ ಅವಳ ಕೈಚೀಲಕ್ಕೆ ಚಟ್ನಿಪುಡಿಯ ಚಿಕ್ಕ ಡಬ್ಬಿ ಸೇರಿತು. ಅವರ ಪುಡಿಗೆ ಬದಲಾಗಿ ನಮ್ಮ ಪುಡಿ.

ಒಂದು ಕಡೆ ಫಲಕದಲ್ಲಿ ‘ವೋಡ್ಕಾ’ ಅಂತ ಓದಿ ಬೆಚ್ಚಿಬಿದ್ದಳು. "ಪಿಜ್ಜಾಗೂ ಹೆಂಡ ಹಾಕ್ತಾರಾ?" ಟೊಮೇಟೊ, ಕೆನೆ, ಸ್ವಲ್ಪ ವೋಡ್ಕಾ ಸೇರಿಸಿ ಕುದಿಸುವ ಸಾಸ್ ಅದು. ಈಚೆಗೆ ಬಹಳ ಚಲಾವಣೆಯಲ್ಲಿದೆ. ಅದರ ಪಕ್ಕದಲ್ಲೇ ಇದ್ದ ಚೌಕದ ಪಿಜ್ಜಾ ಹೆಸರು ‘ಗ್ರ್ಯಾಂಡ್ಮಾ’. ಲಾಂಗ್ ಐಲ್ಯಾಂಡ್ ಕಡೆಯ ಇಟಾಲಿಯನ್ ಮನೆಗಳಲ್ಲಿ ಅಜ್ಜಿಯರು ತಟ್ಟೆಯಲ್ಲಿ ತೆಳ್ಳಗೆ ತಟ್ಟಿ ಮಾಡುತ್ತಿದ್ದದ್ದು, ಆಮೇಲೆ ಅಂಗಡಿಗೆ ಬಂತು. ಪುಟ್ಟಿ "ಅಜ್ಜಿ ಪಿಜ್ಜಾ ಅಜ್ಜಿಗೆ" ಅಂತ ಅದನ್ನೇ ಕೊಡಿಸಿದಳು. ನನ್ನ ಕೇಳಿದರೆ ಆ ಇಡೀ ಪ್ರವಾಸದ ಒಳ್ಳೆಯ ತುಂಡುಗಳಲ್ಲಿ ಅದೂ ಒಂದು. ಅಂಚಿನ ಕಡೆ ಎಣ್ಣೆಯಲ್ಲಿ ಗರಿಗರಿಯಾಗಿತ್ತು, ಮಸಾಲೆ ಅಂತ ಬರೀ ಬೆಳ್ಳುಳ್ಳಿ.

ಸಸ್ಯಾಹಾರಿಗಳಿಗೆ ನಾನು ಹೇಳುವ ನಿಜವಾದ ಗುಟ್ಟು ಮಾತ್ರ ಬೇರೆ. ಅದು ತಾನಾಗಿ ಸಿಕ್ಕಿತು. ಬ್ರೂಕ್ಲಿನ್ನಿನ ಅವೆನ್ಯೂ ಜೆಗೆ ಹೋಗಿದ್ದೆವು, ಡಿ ಫಾರಾ ಹುಡುಕಿಕೊಂಡು. 1965ರಲ್ಲಿ ಡೊಮೆನಿಕೊ ಡಿಮಾರ್ಕೊ ತೆರೆದ ಅಂಗಡಿ. ದಶಕಗಳ ಕಾಲ ಒಬ್ಬರೇ ನಿಂತು ಪ್ರತಿ ಪಿಜ್ಜಾವನ್ನೂ ಮಾಡುತ್ತಿದ್ದರಂತೆ. ಒಲೆಯಿಂದ ತೆಗೆದ ಪಿಜ್ಜಾ ಮೇಲೆ ಕತ್ತರಿಯಿಂದ ತುಳಸಿಯಂಥ ಬೇಸಿಲ್ ಎಲೆ ಕತ್ತರಿಸಿ ಹಾಕುವ ಅವರ ಚಿತ್ರವನ್ನು ನಾನು ಎಷ್ಟೋ ಸಲ ನೋಡಿದ್ದೆ. ಅವರು 2022ರಲ್ಲಿ ತೀರಿಕೊಂಡರು. ಈಗ ಮಕ್ಕಳು ನೋಡಿಕೊಳ್ಳುತ್ತಾರೆ. ಆ ಪಿಜ್ಜಾ ಬಗ್ಗೆ ನನಗಿಂತ ಚೆನ್ನಾಗಿ ಬರೆದವರಿದ್ದಾರೆ, ಬಿಡಿ.

ನನಗೆ ಹೇಳಬೇಕಾದದ್ದು ಆ ಬೀದಿಯ ಬಗ್ಗೆ. ಅದು ಸಂಪ್ರದಾಯಸ್ಥ ಯಹೂದಿಗಳ ಬಡಾವಣೆ. ಕಪ್ಪು ಕೋಟು, ಟೋಪಿ, ತಳ್ಳುಗಾಡಿಯಲ್ಲಿ ಮಕ್ಕಳು. ಕೋಶರ್ ಅನ್ನುವ ಅವರ ಆಹಾರದ ನಿಯಮದಲ್ಲಿ ಹಾಲು ಮತ್ತು ಮಾಂಸ ಒಂದಕ್ಕೊಂದು ಕೂಡುವಂತಿಲ್ಲ. ಪಿಜ್ಜಾಕ್ಕೆ ಚೀಸ್ ಬೇಕು, ಹಾಗಾಗಿ ಕೋಶರ್ ಪಿಜ್ಜಾ ಅಂಗಡಿಗೆ ಮಾಂಸ ಬರುವುದೇ ಇಲ್ಲ. ಆ ಒಲೆಯಲ್ಲಿ ಪೆಪರೋನಿ ಬೆಂದಿಲ್ಲ, ಆ ಕತ್ತಿಗೆ ಮಾಂಸ ತಾಗಿಲ್ಲ. ಮೀನು ಮಾತ್ರ ಇರಬಹುದು, ಅವರಿಗೆ ಅದು ಮಾಂಸದ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಬಂಗಾಳಿಗಳ ಹಾಗೆ ಅಂತಿಟ್ಟುಕೊಳ್ಳಿ.

ತಂಗಿ ಇದನ್ನು ವಿವರಿಸುತ್ತಿದ್ದರೆ ಅಮ್ಮನ ಮುಖ ಅರಳಿತು. "ಪಾತ್ರೆನೂ ಬೇರೆ ಇಡ್ತಾರಾ?" ಇಡುತ್ತಾರೆ. ಮನೆಗಳಲ್ಲೂ ಎರಡೆರಡು ಜೊತೆ ಪಾತ್ರೆ. "ನಮ್ಮ ಅತ್ತೆ ಥರ" ಅಂದಳು. ಮಡಿಗೆ ಬೇರೆ, ಮುಸುರೆಗೆ ಬೇರೆ ಇಟ್ಟುಕೊಂಡು ಮನೆಯವರನ್ನೆಲ್ಲ ಕುಣಿಸಿದ್ದ ನಮ್ಮಜ್ಜಿಯ ಮಾತು ಅದು. ನಾವು ಡಿ ಫಾರಾದ ಸಾಲಿನಲ್ಲಿ ನಿಂತಿದ್ದಾಗ ಅಮ್ಮ ಪುಟ್ಟಿಯ ಕೈಹಿಡಿದು ಅದೇ ಬೀದಿಯ ಕೋಶರ್ ಅಂಗಡಿಯಲ್ಲಿ ಕೂತು ಎರಡು ತುಂಡು ಮುಗಿಸಿದ್ದಳು. ಒಂದು ಎಚ್ಚರಿಕೆ: ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಈ ಅಂಗಡಿಗಳು ಮುಚ್ಚಿರುತ್ತವೆ.

ಹೆಸರುಗಳ ಗೊಂದಲದ ಬಗ್ಗೆ ಹೇಳದಿದ್ದರೆ ತಪ್ಪಾದೀತು. ನಮ್ಮಲ್ಲಿ ಪ್ರತಿ ಮೂಲೆಯಲ್ಲೂ ‘ಒರಿಜಿನಲ್ ದಾವಣಗೆರೆ ಬೆಣ್ಣೆ ದೋಸೆ’ ಇದೆಯಲ್ಲ, ಅಲ್ಲಿ ರೇಸ್ ಪಿಜ್ಜಾ. (ಓಟದ ರೇಸ್ ಅಲ್ಲ, ‘ರೇ’ ಅನ್ನುವವನ ಪಿಜ್ಜಾ ಅಂತ.) ರಾಲ್ಫ್ ಕ್ವೊಮೊ 1959ರಲ್ಲಿ ಪ್ರಿನ್ಸ್ ಸ್ಟ್ರೀಟಿನ 27ನೇ ನಂಬರಿನಲ್ಲಿ ಮೊದಲನೆಯದನ್ನು ತೆರೆದರು. ಆಮೇಲೆ ಊರಿನ ತುಂಬ ಯಾರ್ಯಾರೋ ಒರಿಜಿನಲ್ ರೇಸ್, ಫೇಮಸ್ ರೇಸ್, ಸಾಲದು ಅಂತ ಫೇಮಸ್ ಒರಿಜಿನಲ್ ರೇಸ್ ಅಂತ ಬೋರ್ಡ್ ಹಾಕಿಕೊಂಡರು. ಮೊದಲನೆಯದು 2011ರಲ್ಲಿ ಮುಚ್ಚಿತು. ಈಗ ಅದೇ ಜಾಗದಲ್ಲಿ ಪ್ರಿನ್ಸ್ ಸ್ಟ್ರೀಟ್ ಪಿಜ್ಜಾ ಇದೆ.

ಬ್ರೂಕ್ಲಿನ್ ಸೇತುವೆಯ ಕೆಳಗಿನ ಕಥೆ ಇನ್ನೂ ಚೆನ್ನ. ಹಾರ್ಲೆಮ್ಮಿನ ಪ್ಯಾಟ್ಸಿಯ ಅಣ್ಣನ ಮಗನೋ ತಂಗಿಯ ಮಗನೋ, ಅಂತೂ ಸಂಬಂಧಿ, ಪ್ಯಾಟ್ಸಿ ಗ್ರಿಮಾಲ್ಡಿ 1990ರಲ್ಲಿ ಅಲ್ಲಿ ಅಂಗಡಿ ತೆರೆದರು. ಆಮೇಲೆ ವ್ಯಾಪಾರವನ್ನು ಹೆಸರಿನ ಸಮೇತ ಮಾರಿ ನಿವೃತ್ತರಾದರು. ಗ್ರಿಮಾಲ್ಡೀಸ್ ಪಕ್ಕದ ಕಟ್ಟಡಕ್ಕೆ ಹೋದಾಗ ಇವರು ಹಳೆಯ ಜಾಗಕ್ಕೇ ಮರಳಿ 2012ರಲ್ಲಿ ಹೊಸ ಅಂಗಡಿ ತೆರೆದರು. ತಮ್ಮ ಹೆಸರನ್ನೇ ತಾವು ಇಡುವಂತಿಲ್ಲ! ತಾಯಿಯ ಹೆಸರಿಟ್ಟರು, ಜೂಲಿಯಾನಾಸ್. ಅಕ್ಕಪಕ್ಕ ಎರಡು ಅಂಗಡಿ. ಯಾವ ಸಾಲು ಯಾವುದರದ್ದು ಅಂತ ಪ್ರವಾಸಿಗರು ಕೇಳಿಕೊಂಡು ಓಡಾಡುತ್ತಿರುತ್ತಾರೆ. ಅಣ್ಣತಮ್ಮಂದಿರು ಪಾಲಾದ ಮೇಲೆ ಎದುರುಬದುರು ಎದ್ದ ಹೋಟೆಲುಗಳನ್ನು ಕಂಡ ನಮಗೆ ಇದೇನು ವಿಶೇಷ.

ಬೆಲೆಯದ್ದೂ ಒಂದು ತಮಾಷೆ ಇದೆ. ಪ್ಲೇನ್ ಸ್ಲೈಸಿನ ಬೆಲೆಯೂ ಸಬ್‌ವೇ ರೈಲಿನ ಟಿಕೆಟ್ಟೂ ಒಂದೇ ಸಮ ಏರುತ್ತವೆ ಅಂತ 1980ರಲ್ಲಿ ಎರಿಕ್ ಬ್ರಾಮ್ ಅನ್ನುವವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ತೋರಿಸಿದ್ದರು. ಅದಕ್ಕೆ ಪಿಜ್ಜಾ ಪ್ರಿನ್ಸಿಪಲ್ ಅಂತ ಹೆಸರೂ ಬಿತ್ತು. ನಾವು ಹೋದಾಗ ಟಿಕೆಟ್ 2 ಡಾಲರ್ 90 ಸೆಂಟ್ ಇತ್ತು, ಒಳ್ಳೆಯ ಸ್ಲೈಸಿಗೆ ಮೂರರಿಂದ ನಾಲ್ಕು ಡಾಲರ್. ರೈಲು ಸ್ವಲ್ಪ ಹಿಂದೆ ಬಿದ್ದಿತ್ತು. ಅಮ್ಮ ಪ್ರತಿ ಸಲವೂ ರೂಪಾಯಿಗೆ ಗುಣಿಸಿ, ಪ್ರತಿ ಸಲವೂ ಎದೆ ಮುಟ್ಟಿಕೊಂಡಳು.

ಟೊಟೊನೋಸ್‌ಗೆ ಹೋಗಲೇಬೇಕು ಅನ್ನುವ ಹಟ ನನ್ನದು. ಕಾರಣ ರುಚಿಯಲ್ಲ, ಇಸವಿ. 1924. ನಮ್ಮ ಎಂಟಿಆರ್ ಶುರುವಾದದ್ದೂ ಅದೇ ವರ್ಷ. ಪರಮೇಶ್ವರ ಮಯ್ಯ ಮತ್ತು ಸಹೋದರರು ಬೆಂಗಳೂರಿನಲ್ಲಿ ಬ್ರಾಹ್ಮಿನ್ ಕಾಫಿ ಕ್ಲಬ್ ಅಂತ ತೆರೆದ ವರ್ಷವೇ ನೇಪಲ್ಸ್ ಕಡೆಯಿಂದ ಬಂದವನೊಬ್ಬ ಭೂಮಿಯ ಆಚೆ ಬದಿಯಲ್ಲಿ ಕಲ್ಲಿದ್ದಲ ಒಲೆ ಹೊತ್ತಿಸಿದ. ಇಬ್ಬರಿಗೂ ಪರಸ್ಪರ ಗೊತ್ತಿರಲು ಸಾಧ್ಯವೇ ಇಲ್ಲ. ಆದರೂ ನನಗೆ ಆ ಎರಡು ಒಲೆ ನೆಂಟರ ಹಾಗೆ ಅನ್ನಿಸಿತು. ಸುಮ್ನೆ, ಹಾಗೇ.

ರೈಲಿನಲ್ಲಿ ಕೂತರೆ ಮ್ಯಾನ್‌ಹಟನ್ನಿನಿಂದ ಒಂದು ಗಂಟೆ, ಕೊನೆಯ ನಿಲ್ದಾಣ. ಇಳಿದರೆ ಸಮುದ್ರದ ಗಾಳಿ. ನೆಪ್ಚೂನ್ ಅವೆನ್ಯೂದಲ್ಲಿ ಕಾರು ರಿಪೇರಿ ಅಂಗಡಿಗಳ ನಡುವೆ ಸಣ್ಣ ಮುಂಬಾಗಿಲು. ನೋಡಿದರೆ ಇಲ್ಲಿಗಾ ಜನ ಇಷ್ಟು ದೂರ ಬರುವುದು ಅನ್ನಿಸಬೇಕು, ಹಾಗಿದೆ. 2009ರಲ್ಲಿ ಅಲ್ಲಿ ಬೆಂಕಿ ಬಿದ್ದಿತ್ತು. 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ಸಮುದ್ರವೇ ಒಳಗೆ ನುಗ್ಗಿತ್ತು. ಎರಡು ಸಲವೂ ಮತ್ತೆ ಎದ್ದು ನಿಂತರು. ತಂಗಿ ಪುಡಿ ಬೇಡ ಅಂತ ಮೊದಲೇ ಹೇಳಿದ್ದಳು. ಒಂದು ಪೈ ಡಬ್ಬದಲ್ಲಿ ಹಾಕಿಸಿಕೊಂಡು, ಆರುವ ಮೊದಲು ತಿನ್ನಬೇಕಲ್ಲ ಅಂತ ನಾಲ್ವರೂ ಕಡಲ ಕಡೆ ಓಡುವ ಹೆಜ್ಜೆಯಲ್ಲಿ ನಡೆದೆವು. ಅಮ್ಮ ಸೀರೆ ಎತ್ತಿ ಹಿಡಿದಿದ್ದಳು.

ಮರದ ಹಲಗೆಯ ದಾರಿಯ ಬೆಂಚಿನ ಮೇಲೆ ಡಬ್ಬ ಬಿಚ್ಚಿದೆವು. ತೆಳ್ಳಗಿನ ಹಾಳೆ, ಕೆಂಪು ಬಿಳಿ ಬಿಡಿಬಿಡಿಯಾಗಿ. ಅಂಚಿನಲ್ಲಿ ಕರಿ ಗುಳ್ಳೆ. ಟೊಮೇಟೊದಲ್ಲಿ ಟೊಮೇಟೊ ಬಿಟ್ಟು ಬೇರೆ ಏನೂ ಇಲ್ಲ ಅನ್ನುವ ರುಚಿ. ಅಮ್ಮ ಅಡಿ ನೋಡಿದಳು, ಅಂಚು ಮುರಿದು ಮೂಸಿದಳು. "ಇದ್ದಿಲ ಒಲೆ ವಾಸನೆ" ಅಂದಳು. ಅವಳ ಮದುವೆಯಾದ ಹೊಸತರಲ್ಲಿ ಮನೆಯಲ್ಲಿ ಇದ್ದಿಲ ಒಲೆಯೇ ಇದ್ದದ್ದು. ಗ್ಯಾಸ್ ಬಂದದ್ದು ನಾನು ಹುಟ್ಟಿದ ಮೇಲೆ. ಚಟ್ನಿಪುಡಿ ಡಬ್ಬಿ ಕೈಚೀಲದಲ್ಲೇ ಉಳಿಯಿತು. ಅದನ್ನು ನಾನು ಗಮನಿಸಿದೆ, ಏನೂ ಹೇಳಲಿಲ್ಲ. ಕಡಲ ಹಕ್ಕಿಯೊಂದು ಪುಟ್ಟಿಯ ತುಂಡಿನ ಮೇಲೆ ಕಣ್ಣಿಟ್ಟು ಬೆಂಚಿನ ಸುತ್ತ ಸುತ್ತುತ್ತಿತ್ತು.

ಮೂರು ವಾರದಲ್ಲಿ ಇಪ್ಪತ್ಮೂರರಲ್ಲಿ ಏಳು ಮುಗಿಸಿದ್ದೆ. ಪಟ್ಟಿಯಲ್ಲಿಲ್ಲದ ಹನ್ನೊಂದು ಕಡೆ ತಿಂದಿದ್ದೆ. ಆ ಹನ್ನೊಂದರಲ್ಲಿ ಒಂದು ತಂಗಿಯ ಮನೆಯ ಕೆಳಗಿನದ್ದು. ಜರ್ಸಿ ಸಿಟಿಯ ಸಾಧಾರಣ ಸ್ಲೈಸ್ ಅಂಗಡಿ, ಪಕ್ಕದಲ್ಲಿ ಲಾಂಡ್ರಿ. ಮೊದಲ ವಾರವಿಡೀ ನಾನು ಅದರ ಮುಂದೆಯೇ ನಡೆದು ರೈಲು ಹತ್ತಿ ನದಿ ದಾಟುತ್ತಿದ್ದೆ. ಒಂದು ಮಳೆಯ ದಿನ ಬೇರೆ ದಾರಿಯಿಲ್ಲದೆ ಒಳಗೆ ಹೋದೆವು. ಚೆನ್ನಾಗಿತ್ತು. ಅದ್ಭುತ ಅಂತಲ್ಲ, ಚೆನ್ನಾಗಿತ್ತು. "ನಾವು ಪ್ರತಿ ಶುಕ್ರವಾರ ಇಲ್ಲೇ ತಿನ್ನೋದು" ಅಂದಳು ಪುಟ್ಟಿ. ಮೊದಲೇ ಹೇಳಬಾರದಿತ್ತಾ ಅಂದರೆ, "ನೀವು ಕೇಳಲಿಲ್ಲ ದೊಡ್ಡಮ್ಮ, ನಿಮ್ಮ ಹತ್ರ ಪಟ್ಟಿ ಇತ್ತಲ್ಲ."

ಹೊರಡುವ ಹಿಂದಿನ ದಿನ ನಾನೂ ತಂಗಿಯೂ ಸೂಟ್‌ಕೇಸ್ ತೂಕದ ಜಗಳದಲ್ಲಿದ್ದೆವು. ಇಪ್ಪತ್ಮೂರು ಕೆಜಿ ಮೀರಿತ್ತು, ತೆಗೆದದ್ದನ್ನೇ ತೆಗೆದು ಹಾಕಿದ್ದನ್ನೇ ಹಾಕುತ್ತಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅಮ್ಮ ಮನೆಯಲ್ಲಿಲ್ಲ. ಫೋನ್ ಸೋಫಾದ ಮೇಲಿದೆ. ತಂಗಿಗೆ ಗಾಬರಿಯಾಯಿತು. ಲಿಫ್ಟ್ ಹತ್ತಿರ ಓಡಿದೆವು. ಬಾಗಿಲು ತೆರೆದುಕೊಂಡಿತು, ಅಮ್ಮ ನಿಂತಿದ್ದಳು. ಸೀರೆಯ ಮೇಲೆ ಅಳಿಯನ ಜಾಕೆಟ್, ಕೈಯಲ್ಲಿ ಎಣ್ಣೆ ಇಳಿದ ಕಾಗದದ ಚೀಲ.

"ಎಲ್ಲಿ ಹೋಗಿದ್ದೆ ಅಮ್ಮಾ? ಇಷ್ಟು ಹೊತ್ತು?"

"ಕೆಳಗೆ. ಇಟ್ಟಿದ್ದು ಹಳೇದಿತ್ತು. ಹೊಸದು ಬರೋವರೆಗೆ ನಿಂತಿದ್ದೆ."

"ಏನಂತ ಕೇಳಿದೆ?"

"ಪ್ಲೇನ್. ನೋ ಪೌಡರ್. ಅವನಿಗೆ ಅರ್ಥ ಆಯ್ತು."

ಅಡುಗೆಮನೆಯ ಮೇಜಿನ ಮೇಲೆ ಚೀಲ ಬಿಚ್ಚಿ, ತಟ್ಟೆಗೆ ಹಾಕುವ ಮೊದಲು ಒಂದು ತುಂಡನ್ನು ಎತ್ತಿ ದೀಪದ ಕಡೆ ತಿರುಗಿಸಿ ಅಡಿ ನೋಡಿದಳು. ಇನ್ನೊಂದನ್ನೂ ನೋಡಿದಳು. ಎರಡರಲ್ಲಿ ಚೆನ್ನಾಗಿ ಕೆಂಪಗಾದದ್ದನ್ನು ಪುಟ್ಟಿಯ ತಟ್ಟೆಗೆ ಹಾಕಿದಳು.